ಮನೆಗಳ ಮೇಲೆ ಬರೆದ ಮರಗಳು

ಹಸಿರಕ್ಕನನ್ನು ನಾನು ಕಣ್ಣಿಗಿಂತ ಮೊದಲು ಕಿವಿಯಲ್ಲಿ ಅರಿತೆ. ಅವರು ನಮ್ಮ ಮೇಲಿನ ಮಹಡಿಗೆ ಬಾಡಿಗೆಗೆ ಬಂದ ವಾರ ನಾನು ಜ್ವರ ಬಂದು ಮಲಗಿದ್ದೆ. ತಲೆಯ ಮೇಲೆ ಹೆಜ್ಜೆ ಸದ್ದು. ಎಂಟು ಹೆಜ್ಜೆ ಅತ್ತ, ಒಂದು ಕ್ಷಣ ಮೌನ, ಎಂಟು ಹೆಜ್ಜೆ ಇತ್ತ. ಬೆಳಗಿನಿಂದ ಸಂಜೆಯವರೆಗೆ ಇದೇ. ಜ್ವರ ಇಳಿದ ಮೇಲೆ ಮೆಟ್ಟಿಲು ಹತ್ತಿ ಹೋಗಿ, "ಏನಾದರೂ ಕಳೆದುಹೋಗಿದೆಯಾ? ಹುಡುಕೋಕೆ ನಾನೂ ಬರಲಾ?" ಎಂದು ಕೇಳಿದೆ.

"ಏನೂ ಕಳೆದಿಲ್ಲಮ್ಮ. ಕೂತರೆ ಕೈ ಕೆಲಸ ಕೇಳುತ್ತೆ. ಕೈಗೆ ಕೊಡೋಕೆ ಕೆಲಸ ಇಲ್ಲ. ಅದಕ್ಕೆ ಕಾಲಿಗೆ ಕೊಟ್ಟಿದ್ದೀನಿ," ಎಂದು ನಕ್ಕರು. ನಗುವಾಗಲೂ ನಡೆಯುತ್ತಲೇ ಇದ್ದರು.

ಅವರ ಕೋಣೆಯಲ್ಲಿ ಒಂದು ಮಂಚ, ಮೂಲೆಯಲ್ಲಿ ಒಲೆ, ಕಿಟಕಿಯ ಪಕ್ಕ ಓರೆ ಹಲಗೆಯ ದೊಡ್ಡ ನಕ್ಷೆ ಮೇಜು. ಕೋಣೆಯ ಅರ್ಧವನ್ನು ಆ ಮೇಜೇ ನುಂಗಿತ್ತು. ನಿವೃತ್ತಿಯ ದಿನ ಕಚೇರಿಯವರು ಗೋಡೆ ಗಡಿಯಾರ ಕೊಡಲು ಬಂದಾಗ, ಗಡಿಯಾರ ಬೇಡ, ನನ್ನ ಮೇಜು ಕೊಡಿ ಎಂದು ಕೇಳಿ ತಂದದ್ದಂತೆ. ಅದರ ಮೇಲೆ ಬರೆಯುವ ಕೆಲಸ ಏನೂ ಇರಲಿಲ್ಲ. ದಿನಕ್ಕೊಮ್ಮೆ ಒರೆಸುತ್ತಿದ್ದರು, ಅಷ್ಟೇ.

ಅವರು ಹೇಳಿದ್ದನ್ನೆಲ್ಲ ನಾನು ಒಂದೇ ದಿನ ಕೇಳಿದ್ದಲ್ಲ. ಮೆಟ್ಟಿಲ ಮೇಲೆ, ನಲ್ಲಿಯ ಹತ್ತಿರ, ಒಣಹಾಕಿದ ಬಟ್ಟೆ ಮಡಿಸುವಾಗ, ತುಂಡು ತುಂಡಾಗಿ ಬಂತು. ನಾನು ಓದಿದವಳಲ್ಲ, ಅಕ್ಷರ ಕಲಿತದ್ದೇ ಮಕ್ಕಳ ಪಾಠಪುಸ್ತಕ ನೋಡಿ. ಆದರೆ ಇನ್ನೊಬ್ಬರು ಮಾತು ಮುಗಿಸುವ ತನಕ ಕಾಯುವುದು ಬರುತ್ತದೆ. ಹಾಗೆ ಕಾದು ಕೇಳಿದ್ದನ್ನು ಇಲ್ಲಿ ಜೋಡಿಸಿದ್ದೇನೆ.

ಮನೆಯ ಹಿರಿಮಗಳು ಅವರು. ತಂದೆ ತೀರಿಕೊಂಡಾಗ ಇಪ್ಪತ್ತೆರಡು ವರ್ಷ. ತಾಯಿ, ಆರು ವರ್ಷ ಚಿಕ್ಕವಳಾದ ಒಬ್ಬ ತಂಗಿ. ನಗರದ ಕಚೇರಿಯ ನಕ್ಷೆ ವಿಭಾಗದಲ್ಲಿ ಕೆಲಸ ಸಿಕ್ಕಿತು. ಮೊದಲು ಹಳೆಯ ನಕ್ಷೆಗಳ ಮೇಲೆ ತೆಳು ಟ್ರೇಸಿಂಗ್ ಹಾಳೆ ಹಾಸಿ ಗೆರೆಗೆ ಗೆರೆ ಎಳೆಯುವುದು, ಆಮೇಲೆ ಬಣ್ಣ ತುಂಬುವುದು. ಇವರ ಪೆಟ್ಟಿಗೆಯಲ್ಲಿ ಹಸಿರು ಬಣ್ಣದ ಬಿಲ್ಲೆ ಎಲ್ಲಕ್ಕಿಂತ ಮೊದಲು ಸವೆಯುತ್ತಿತ್ತು. ಉಗ್ರಾಣದವನು ಪ್ರತಿ ತಿಂಗಳೂ, "ಮತ್ತೆ ಹಸಿರಾ? ಮೇಯ್ತೀಯೇನಕ್ಕ ಅದನ್ನ?" ಎಂದು ರೇಗಿಸುತ್ತಿದ್ದ. ಹೆಸರು ಹಾಗೆ ಅಂಟಿತು. ಮದುವೆಯ ಮಾತು ಇವತ್ತು ನಾಳೆ ಎಂದು ಮುಂದಕ್ಕೆ ಹೋಗಿ ಹೋಗಿ ಒಂದು ದಿನ ಯಾರೂ ಎತ್ತದ ಮಾತಾಯಿತು.

ವಿಭಾಗದ ಹಿರಿಯ ನಕ್ಷೆಗಾರರನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು. ಗೆರೆ ಕಲಿಸಿದವರು ಅವರೇ. ಮರ ಬರೆಯಲು ಅವರು ಒಂದು ಉಪಾಯ ಮಾಡಿದ್ದರು. ತಮ್ಮ ಹಳೆಯ ಕೋಟಿನಿಂದ ಒಂದು ಕಪ್ಪು ಗುಂಡಿ ಕಿತ್ತು, ಅದನ್ನು ಹಾಳೆಯ ಮೇಲಿಟ್ಟು ಸುತ್ತ ಪೆನ್ಸಿಲು ಎಳೆಯುವುದು. ಒಂದು ಗುಂಡಿ ಮರ, ಎರಡು ಗುಂಡಿಯಷ್ಟು ಖಾಲಿ, ಮತ್ತೆ ಒಂದು ಗುಂಡಿ ಮರ. ನಗರದ ಎಲ್ಲ ನಕ್ಷೆಗಳಲ್ಲೂ ಮರಗಳು ಒಂದೇ ಗಾತ್ರ, ಒಂದೇ ಅಂತರ. ಶಾಲೆಯ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿದ ಮಕ್ಕಳ ಹಾಗೆ. ಮೇಷ್ಟ್ರಿಗೆ ಇನ್ನೊಂದು ಕಟ್ಟಳೆಯೂ ಇತ್ತು. ಅಳತೆ ಸಿಗದ ಜಾಗ ಬಂದರೆ ಬಿಳಿ ಬಿಡಬಾರದು, ಮರ ಹಾಕಬೇಕು.

"ಬಿಳಿ ಬಿಟ್ಟರೆ ಸಾಹೇಬರು ಇದೇನು ಅಂತ ಕೇಳ್ತಾರೆ. ಮರ ಹಾಕಿದರೆ ಯಾರೂ ಕೇಳಲ್ಲ. ಮರ ಕಂಡರೆ ಎಲ್ಲರಿಗೂ ಒಳ್ಳೆಯದೇ ಅನಿಸುತ್ತೆ," ಎನ್ನುತ್ತಿದ್ದರು.

ಹಸಿರಕ್ಕನಿಗೆ ಇಪ್ಪತ್ತನಾಲ್ಕು ತುಂಬಿದ ವರ್ಷ ನಗರಕ್ಕೆ ಒಂದು ಉದ್ಯಾನ ರಸ್ತೆಯ ಕನಸು ಬಿತ್ತು. ರೈಲು ನಿಲ್ದಾಣದಿಂದ ಕೆರೆಯವರೆಗೆ, ಕಾಲುವೆಯ ದಂಡೆ ಹಿಡಿದು ಹೋಗುವ ಅಗಲವಾದ ರಸ್ತೆ. ನಡುವೆ ಹುಲ್ಲು, ಎರಡು ಬದಿಗೆ ಮರ, ನಡೆಯುವವರಿಗೆ ಬೇರೆ ದಾರಿ, ಅಲ್ಲಲ್ಲಿ ಕಲ್ಲು ಬೆಂಚು. ಬರಿಯ ಗೆರೆಯ ನಕ್ಷೆ ತೋರಿಸಿದರೆ ಸಭೆಯವರು ಆಕಳಿಸುತ್ತಾರೆ ಎಂದು ಚಿತ್ರನಕ್ಷೆ ಮಾಡಲು ಹೇಳಿದರು. ರಸ್ತೆ, ಕಾಲುವೆ, ಮರ ಎಲ್ಲವೂ ಸರಿಯಾದ ಅಳತೆಯಲ್ಲಿ, ಮೇಲಿನಿಂದ ಕಂಡ ಹಾಗೆ. ಅದರ ಮೇಲೆ ಅಂದಕ್ಕಾಗಿ ಮನುಷ್ಯರು, ಸೈಕಲ್ಲು, ಬಾತುಕೋಳಿ, ಬಲೂನು ಮಾರುವವನು. ಹಾಳೆ ಎಷ್ಟು ಉದ್ದ ಇತ್ತೆಂದರೆ ಇವರು ಎರಡೂ ಕೈ ಚಾಚಿದರೂ ಒಂದು ಅಂಚು ಸಿಗುತ್ತಿರಲಿಲ್ಲ. ಮೇಷ್ಟ್ರು ಬಣ್ಣದ ಕೆಲಸವನ್ನು ಪೂರ್ತಿ ಇವರಿಗೇ ಬಿಟ್ಟರು. ಗುಂಡಿಯನ್ನೂ ಕೊಟ್ಟರು.

ಕಾಲುವೆಯ ಕಲ್ಲು ಸೇತುವೆಯ ತನಕ ಅಳತೆ ಸರಿಯಾಗಿತ್ತು. ಸೇತುವೆ ದಾಟಿದ ಮೇಲೆ ಅಳತೆ ಹಾಳೆ ಖಾಲಿ. ಅಳತೆಗಾರನನ್ನು ಕೇಳಿದರೆ ಅವನು ಮುಖ ತಿರುಗಿಸಿದ. ಆಮೇಲೆ ಉಗ್ರಾಣದವನು ಗುಟ್ಟು ಬಿಟ್ಟ. ಸೇತುವೆಯ ಆಚೆ ಒಂದು ಓಣಿಯ ಬಾಯಲ್ಲಿ ಒಂದು ನಾಯಿ ಅಳತೆಗಾರನ ಪ್ಯಾಂಟಿನ ಹಿಂಭಾಗ ಹಿಡಿದು, ಬಟ್ಟೆ ತನ್ನಲ್ಲೇ ಇಟ್ಟುಕೊಂಡು ಕಳಿಸಿತ್ತು. ಅವನು ಅಳತೆಯ ಸರಪಳಿ ಸುತ್ತಿಕೊಂಡು ಬಂದವನು ಮತ್ತೆ ಆ ಕಡೆ ತಲೆ ಹಾಕಿರಲಿಲ್ಲ.

ಓಣಿ ಎಂದ ಮೇಲೆ ಮನೆಗಳಿರಬೇಕಲ್ಲ? ಹಸಿರಕ್ಕನಿಗೆ ತಡೆಯಲಾಗಲಿಲ್ಲ. ರಜೆಯ ದಿನ ಒಬ್ಬರೇ ಹೋದರು. ಅದು ಗಾಡಿಗೆ ಚಕ್ರ ಮಾಡುವವರ ಓಣಿ. ಮನೆಯ ಮುಂದೆ ಮರದ ಪುಡಿ, ಗೋಡೆಗೆ ಒರಗಿಸಿದ ಚಕ್ರಗಳು, ಕಬ್ಬಿಣದ ಪಟ್ಟಿ ಕಾಯಿಸುವ ಕುಲುಮೆ. ನಾಯಿ ಇವರನ್ನು ಮೂಸಿ ಸುಮ್ಮನಾಯಿತು. ಸರಪಳಿ ಇಲ್ಲದ್ದರಿಂದ ಸೇತುವೆಯ ಕಂಬದಿಂದ ಹೆಜ್ಜೆ ಎಣಿಸಿದರು. ಇಷ್ಟು ಹೆಜ್ಜೆಗೆ ಮೊದಲ ಮನೆ, ಅದರ ಅಗಲ ಇಷ್ಟು, ದಾರಿಯಿಂದ ಒಳಕ್ಕೆ ಇಷ್ಟು. ಹೀಗೆ ಇಪ್ಪತ್ತೊಂದು ಮನೆ. ಓಣಿಯ ಕೊನೆಯಲ್ಲಿ ಸ್ವಲ್ಪ ಖಾಲಿ ಜಾಗ, ಅದರ ಆಚೆ ಕಾಲುವೆ. ಹೆಜ್ಜೆ ಎಣಿಸುವ ಚಟ ಅಂದು ಹತ್ತಿದ್ದು ಇಂದಿಗೂ ಬಿಟ್ಟಿಲ್ಲ.

ಕೊನೆಯ ಮನೆಯ ಮುಂದೆ ಕೂತಿದ್ದ ಒಬ್ಬ ಅಜ್ಜಿ ಇವರನ್ನೇ ನೋಡುತ್ತಿದ್ದಳು.

"ಏನಮ್ಮಾ, ನೆಲಕ್ಕೆ ನೋವಾಗುತ್ತೆ ಅನ್ನೋ ಹಾಗೆ ನಡೀತಿದ್ದೀಯಲ್ಲ? ಏನು ಎಣಿಸ್ತಿದ್ದೀಯ?"

"ಮನೆ ಎಣಿಸ್ತಿದ್ದೀನಿ ಅಜ್ಜಿ. ನಕ್ಷೆಗೆ."

"ಎಣಿಸು ಎಣಿಸು. ನಮ್ಮನ್ನ ಎಣಿಸೋಕೆ ಬಂದವಳು ನೀನೇ ಮೊದಲು. ಮನೇಲಿ ಮದುವೆಗೆ ಹುಡುಗಿ ಯಾರಾದರೂ ಇದ್ದಾರಾ?"

ಅಜ್ಜಿಗೆ ಒಬ್ಬ ಮೊಮ್ಮಗ ಇದ್ದ. ಹಸಿರಕ್ಕ ನೀರು ಕುಡಿದು, ತಂಗಿ ಇದ್ದಾಳೆ ಎಂದು ಹೇಳಿ ಬಂದರು. ತಮ್ಮ ಬಗ್ಗೆ ಹೇಳಲಿಲ್ಲ.

ಮರುದಿನ ಲೆಕ್ಕದ ಚೀಟಿಯನ್ನು ಮೇಷ್ಟ್ರ ಮುಂದಿಟ್ಟರು. ಅವರು ಕನ್ನಡಕ ಹಣೆಗೇರಿಸಿದರು.

"ಇದು ಯಾರ ಅಳತೆ?"

"ನನ್ನ ಹೆಜ್ಜೆ ಸರ್."

"ನಿನ್ನ ಹೆಜ್ಜೆಗೆ ಸರ್ಕಾರಿ ಮುದ್ರೆ ಇದೆಯಾ? ಅಳತೆ ಹಾಳೆಯಲ್ಲಿ ಇಲ್ಲದ ಮನೆ ನಕ್ಷೆಯಲ್ಲಿ ಬಂದರೆ ನನ್ನ ಕುತ್ತಿಗೆಗೆ ಬರುತ್ತೆ. ಸಭೆ ಗುರುವಾರ. ಮರ ಹಾಕು."

ಅಷ್ಟರೊಳಗೆ ಇವರು ಪೆನ್ಸಿಲಿನಲ್ಲಿ ಮನೆಗಳನ್ನು ತೆಳುವಾಗಿ ಗುರುತಿಸಿ ಆಗಿತ್ತು. ರಬ್ಬರಿನಿಂದ ಅಳಿಸಿದರು. ಆದರೆ ಗುಂಡಿಯನ್ನು ಹಾಳೆಯ ಮೇಲಿಡಲು ಕೈ ಏಳಲಿಲ್ಲ. ಹಾಗಾಗಿ ಮೇಷ್ಟ್ರ ಮಾತನ್ನೂ ಮೀರದೆ, ತಮ್ಮ ಮನಸ್ಸನ್ನೂ ಪೂರ್ತಿ ಬಿಡದೆ ಒಂದು ಕೆಲಸ ಮಾಡಿದರು. ಒಂದೊಂದು ಮನೆಯಿದ್ದ ಜಾಗದಲ್ಲಿ ಒಂದೊಂದು ಮರ. ದೊಡ್ಡ ಮನೆಗೆ ದೊಡ್ಡ ಮರ, ಚಿಕ್ಕದಕ್ಕೆ ಚಿಕ್ಕದು, ಮೂಲೆಯ ಸೊಟ್ಟ ಮನೆಗೆ ಸೊಟ್ಟ ಮರ. ಎಲ್ಲವನ್ನೂ ಗುಂಡಿಯಿಲ್ಲದೆ ಬರಿಗೈಯಲ್ಲಿ ಬರೆದರು. ಇಪ್ಪತ್ತೊಂದು ಮನೆ, ಇಪ್ಪತ್ತೊಂದು ಮರ. ಮೇಷ್ಟ್ರು ನೋಡಿ, "ಇಲ್ಲಿ ಸ್ವಲ್ಪ ಕಾಡಿನ ಹಾಗೆ ಆಯ್ತಲ್ಲ. ಇರಲಿ, ಚೆನ್ನಾಗಿದೆ," ಎಂದರು.

ಓಣಿಯ ಕೊನೆಯ ಖಾಲಿ ಜಾಗದಲ್ಲಿ ಒಂದು ಕಲ್ಲು ಬೆಂಚು ಬರೆದರು. ಬೆಂಚಿನ ಮೇಲೆ ಕೂರಲು ಯಾರಾದರೂ ಬೇಕಲ್ಲ? ತಂಗಿಯನ್ನು ಮನೆಯ ಅಂಗಳದಲ್ಲಿ ಮಣೆಯ ಮೇಲೆ ಕೂರಿಸಿ, ಕೈಗೆ ಹಳದಿ ಕೊಡೆ ಕೊಟ್ಟು, ಇವರು ಗೋಡೆ ಹತ್ತಿ ಮೇಲಿನಿಂದ ನೋಡಿ ಬರೆದರು. "ಕುತ್ತಿಗೆ ನೋಯ್ತಿದೆ ಕಣೇ, ಬೇಗ ಮಾಡು," ಎಂದು ಹದಿನೆಂಟರ ತಂಗಿ ಗೊಣಗುತ್ತಿದ್ದಳು. ನಕ್ಷೆಯಲ್ಲಿ ಅವಳು ಒಂದು ಹಳದಿ ವೃತ್ತ, ಅದರ ಅಂಚಿನಲ್ಲಿ ಒಂದು ಕೊಡೆಯ ಹಿಡಿ, ಒಂದು ಜಡೆ, ಎರಡು ಪುಟ್ಟ ಪಾದ.

ಸಭೆಯಲ್ಲಿ ಎಲ್ಲರೂ ಹೊಗಳಿದರು. ರಸ್ತೆ ಮಾತ್ರ ಆಗಲಿಲ್ಲ. ಅಧ್ಯಕ್ಷರು ಬದಲಾದರು, ಯೋಜನೆ ಕಡತಕ್ಕೆ ಸೇರಿತು, ಚಿತ್ರನಕ್ಷೆಗೆ ಗಾಜು ಹಾಕಿಸಿ ಕಚೇರಿಯ ಮೆಟ್ಟಿಲ ತಿರುವಿನಲ್ಲಿ ತೂಗುಹಾಕಿದರು. ಮರುವರ್ಷ ತಂಗಿಯ ಮದುವೆ ಅಜ್ಜಿಯ ಮೊಮ್ಮಗನ ಜೊತೆ ಆಯಿತು. ಹಳೆಯ ಮನೆಯಲ್ಲಿ ಜಾಗ ಸಾಲದೆ ಹೊಸ ಜೋಡಿಗೆ ಓಣಿಯ ಕೊನೆಯ ಖಾಲಿ ಜಾಗದಲ್ಲಿ ಎರಡು ಕೋಣೆ ಕಟ್ಟಿದರು. ಅದು ಇಪ್ಪತ್ತೆರಡನೆಯ ಮನೆ.

"ಮನೆ ನೋಡೋಕೆ ಹೋದ ದಿನ ನನಗೆ ಎದೆ ಝಲ್ ಅಂತು," ಎಂದು ಹಸಿರಕ್ಕ ನನಗೆ ಹೇಳಿದರು. "ನಾನು ಅವಳನ್ನ ಎಲ್ಲಿ ಕೂರಿಸಿದ್ದೆನೋ ಅಲ್ಲೇ ಅವಳ ಬಾಗಿಲು. ದೇವರು ನನ್ನ ಕೈ ಹಿಡಿದು ಬರೆಸಿದನಾ ಅಂತ ಖುಷಿಪಟ್ಟೆ. ಮರಗಳ ವಿಷಯ ಅವಳಿಗೂ ಹೇಳಲಿಲ್ಲ, ಯಾರಿಗೂ ಹೇಳಲಿಲ್ಲ. ಮೂವತ್ತನಾಲ್ಕು ವರ್ಷ ದಿನಕ್ಕೆರಡು ಸಲ ಆ ಮೆಟ್ಟಿಲ ತಿರುವು ದಾಟಿದೆ. ಅಲ್ಲಿ ಮಾತ್ರ ನಾನು ಹೆಜ್ಜೆ ಎಣಿಸ್ತಿರಲಿಲ್ಲ. ಓಡ್ತಿದ್ದೆ."

ಅವರು ನಿವೃತ್ತರಾಗಿ ನಾಲ್ಕು ವರ್ಷವಾಗಿತ್ತು. ಒಂದು ಬೆಳಿಗ್ಗೆ ತಂಗಿ ಬುಸುಗುಡುತ್ತಾ ಮೆಟ್ಟಿಲು ಹತ್ತಿ ಹೋದಳು. ನಾನು ಮೆಟ್ಟಿಲ ಕೆಳಗೆ ಬಟ್ಟೆ ಒಗೆಯುತ್ತಿದ್ದೆ. ಬಾಗಿಲು ತೆರೆದೇ ಇದ್ದುದರಿಂದ ಎಲ್ಲವೂ ಕೇಳಿಸಿತು.

"ನೋಡೇ ಅಕ್ಕ ಈ ನೋಟೀಸನ್ನ! ಆ ಸತ್ತ ಉದ್ಯಾನ ರಸ್ತೆ ಮತ್ತೆ ಎದ್ದು ಕೂತಿದೆ. ನಮ್ಮ ಓಣಿ ಪೂರ್ತಿ ಒತ್ತುವರಿಯಂತೆ! ಹಳೇ ಮನೆಯವರಿಗಾದರೆ ಬದಲಿ ಜಾಗ, ಕಳ್ಳತನದಲ್ಲಿ ಬಂದು ಕೂತವರಿಗೆ ಬರಿಗೈ ಬೀಸಿಕೊಂಡು ಹೋಗಿ ಅಂತ. ನಾವು ಕಳ್ಳರಂತೆ! ಯಾವುದೋ ಚಿತ್ರನಕ್ಷೆ ನೋಡಿ ಬರೆದಿದ್ದಾರೆ, ಆಗ ಅಲ್ಲಿ ಬರೀ ಮರ ಇದ್ವಂತೆ. ಯಾವ ಕುರುಡ ಬರೆದನೋ, ಅವನ ಕೈ ಸೇದಿಹೋಗ!"

ಮೇಲೆ ಹೆಜ್ಜೆ ನಿಂತಿತು. ಅಷ್ಟು ಹೊತ್ತು ಅದು ನಿಂತದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

"ಅವನಲ್ಲ ಕಣೇ. ನಾನು," ಎಂದರು ಹಸಿರಕ್ಕ.

"ಏನು ನೀನು?"

"ನಿನ್ನ ಕೈಗೆ ಹಳದಿ ಕೊಡೆ ಕೊಟ್ಟು ಕೂರಿಸಿದ್ದೆನಲ್ಲ, ಅದೇ ನಕ್ಷೆ. ಆ ಮರ ನಾನು ಹಾಕಿದ್ದು. ಮನೆಗಳಿದ್ವು. ಕಣ್ಣಾರೆ ನೋಡಿದ್ದೆ. ಆದರೂ ಹಾಕಿದೆ."

ತಂಗಿ ಸಣ್ಣ ದನಿಯಲ್ಲಿ, "ಮನೆಯವರಿಗೆ ಏನಂತ ಹೇಳಲಿ ನಾನು?" ಎಂದಳು.

ವಿಚಾರಣೆಗೆ ಹದಿನೈದು ದಿನ ಇತ್ತು. ಆ ಹದಿನೈದು ದಿನ ಹಸಿರಕ್ಕ ಊಟಕ್ಕೂ ನೆಟ್ಟಗೆ ಕೂತದ್ದಿಲ್ಲ. ತಟ್ಟೆ ಕೈಯಲ್ಲಿ ಹಿಡಿದು ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ. ಬೆಳಿಗ್ಗೆ ಕಚೇರಿಗೆ ಹೋಗುವರು, ಮೆಟ್ಟಿಲ ತಿರುವಿನಲ್ಲಿ ನಕ್ಷೆಯ ಮುಂದೆ ನಿಲ್ಲುವರು, ಯಾರನ್ನೂ ಮಾತಾಡಿಸದೆ ಹಿಂದೆ ಬರುವರು. ಮಧ್ಯಾಹ್ನ ಓಣಿಗೆ ಹೋಗುವರು, ಅದರ ಬಾಯಿಯವರೆಗೆ ಹೋಗಿ ತಿರುಗುವರು. "ನನ್ನ ಮಾತು ಯಾರು ನಂಬ್ತಾರೆ? ತಂಗಿಗೋಸ್ಕರ ಸುಳ್ಳು ಹೇಳ್ತಾಳೆ ಅಂತಾರೆ," ಎಂದು ನನ್ನ ಬಳಿ ಹೇಳುವರು, ನಾನು ಉತ್ತರ ಹುಡುಕುವುದರೊಳಗೆ ಎದ್ದು ಹೊರಡುವರು. ನನಗೆ ಹೇಳಲು ತೋಚಿದ್ದು ಒಂದೇ. "ನೋಡಬೇಕಾದ ದೇವರು ಅವತ್ತೂ ನೋಡಿದ್ದಾನಲ್ಲ ಹಸಿರಕ್ಕ. ಅವನ ಮುಂದೆ ನೀವು ಹೊಸದಾಗಿ ಏನೂ ಸಾಬೀತು ಮಾಡಬೇಕಾಗಿಲ್ಲ. ಮನುಷ್ಯರಿಗೆ ತೋರಿಸೋಕೆ ಏನಿದೆ ಅಂತ ಯೋಚಿಸಿ." ಅವರು ಅರ್ಧ ಮೆಟ್ಟಿಲಲ್ಲಿ ನಿಂತರು. ಮೇಲೆ ಹೋದರು. ಪೆಟ್ಟಿಗೆ ಎಳೆದ ಸದ್ದು ಕೇಳಿಸಿತು. ಆಮೇಲೆ ಇಳಿದು ಬಂದು ನನ್ನ ಅಂಗೈಯಲ್ಲಿ ಒಂದು ಕಪ್ಪು ಗುಂಡಿ ಇಟ್ಟರು. ನಾಲ್ಕು ತೂತಿನ, ಅಂಚು ಸವೆದ ಕೋಟಿನ ಗುಂಡಿ.

ವಿಚಾರಣೆ ಮಾಡುವ ಅಧಿಕಾರಿ ವಯಸ್ಸಿನಲ್ಲಿ ಚಿಕ್ಕವಳಾದ ಒಬ್ಬ ಹೆಣ್ಣುಮಗಳು. ಹಸಿರಕ್ಕ ಹೋಗಿ ಎಲ್ಲವನ್ನೂ ಹೇಳಿ, ನಕ್ಷೆಯ ಮೇಲೆ ಟ್ರೇಸಿಂಗ್ ಹಾಳೆ ಹಾಸಿ ಮರಗಳನ್ನು ತೆಗೆದುಕೊಳ್ಳಲು ಅನುಮತಿ ಕೇಳಿದರು. ಅದನ್ನು ಈಗಿನ ಅಳತೆಯ ನಕ್ಷೆಯ ಮೇಲಿಟ್ಟು ನೋಡಿ ಎಂದರು. ಆಕೆ, "ಮೂಲ ನಕ್ಷೆ ಸುಳ್ಳು ಅಂತ ಅದನ್ನ ಬರೆದವರೇ ಬಂದು ಹೇಳೋದು ನಾನು ನೋಡಿಲ್ಲ," ಎಂದು ಅನುಮತಿ ಕೊಟ್ಟರು.

ಟ್ರೇಸಿಂಗ್ ಮಾಡುವ ದಿನ ಹಾಳೆಯ ಅಂಚು ಹಿಡಿಯಲು ತಂಗಿಯೂ ಜೊತೆಗೆ ಹೋದಳು. ಚೌಕಟ್ಟಿನಿಂದ ತೆಗೆದ ನಕ್ಷೆ ಮೇಜಿನ ಮೇಲೆ ಹಾಸಿತ್ತು. ತಂಗಿ ಅದನ್ನು ಹತ್ತಿರದಿಂದ ನೋಡಿದ್ದು ಅದೇ ಮೊದಲು.

"ಅಯ್ಯೋ, ನಾನು! ಎಷ್ಟು ಚಿಕ್ಕ ಪಾದ ಹಾಕಿದ್ದೀಯೇ ನನಗೆ!"

ಅಕ್ಕ ಒಂದೊಂದೇ ಮರದ ಸುತ್ತ ಗೆರೆ ಎಳೆಯುತ್ತಾ ಹೋದರು. ಕಾವಲಿಗಿದ್ದ ಗುಮಾಸ್ತ ಚಹಾಕ್ಕೆಂದು ಎದ್ದು ಹೋದ. ಹದಿನೈದು, ಹದಿನಾರು, ಇಪ್ಪತ್ತು. ಇಪ್ಪತ್ತೊಂದು. ಪೆನ್ಸಿಲು ಓಣಿಯ ಕೊನೆಗೆ ಬಂದು ನಿಂತಿತು. ಅಲ್ಲಿ ಮರ ಇರಲಿಲ್ಲ. ಬೆಂಚು, ಹಳದಿ ಕೊಡೆ.

ತಂಗಿಗೆ ಆಗ ಹೊಳೆಯಿತು.

"ಅಕ್ಕ, ನಮ್ಮನೆಗೆ ಮರ ಇಲ್ಲ."

"ಮನೆ ಆಗ ಇರಲಿಲ್ಲ ಕಣೇ."

"ಒಂದು ಸುತ್ತು ಎಳೆದುಬಿಡು."

ಅಕ್ಕ ತಲೆ ಎತ್ತಿ ಅವಳನ್ನು ನೋಡಿದರು.

"ಸುಳ್ಳು ಬರಿ ಅಂತ ಹೇಳ್ತಿಲ್ಲ. ಕೊಡೆ ಇದೆಯಲ್ಲ, ಗುಂಡಗೆ? ಅದರ ಸುತ್ತಾನೇ ಎಳಿ. ಹಾಳೆಯಲ್ಲಿ ಸುತ್ತು ಅಂದರೆ ಸುತ್ತು. ಮರವೋ ಕೊಡೆಯೋ ಯಾರಿಗೆ ಗೊತ್ತಾಗುತ್ತೆ?"

"ನನಗೆ ಗೊತ್ತಾಗುತ್ತೆ."

"ಓಹೋ! ಓಣಿ ಪೂರ್ತಿ ಅಳಿಸಿ ಮರ ಬರೆಯೋವಾಗ ಗೊತ್ತಾಗಲಿಲ್ವಾ? ಆಗ ಇಪ್ಪತ್ತೊಂದು ಸುಳ್ಳು ಬರೆದ ಕೈಗೆ ಈಗ ಒಂದು ಭಾರ ಆಗುತ್ತಾ? ಮೂವತ್ತೇಳು ವರ್ಷ ಆ ಮನೇಲಿ ಇದ್ದೀನಿ ಅಕ್ಕ. ಅಲ್ಲೇ ಹೆತ್ತೆ, ಅಲ್ಲೇ ಅತ್ತೆಯನ್ನ ಕಳಿಸಿಕೊಟ್ಟೆ. ನಿನ್ನ ನಕ್ಷೆಯಲ್ಲೂ ನಾನು ಅಲ್ಲೇ ಇದ್ದೀನಲ್ಲೇ!"

ಹಸಿರಕ್ಕ ನನಗೆ ಇದನ್ನು ಹೇಳುವಾಗ ಮೆಟ್ಟಿಲ ಕಂಬಿಯನ್ನು ಉಗುರಿನಿಂದ ಕೆರೆಯುತ್ತಿದ್ದರು. "ಸಿಕ್ಕಿಬಿದ್ದರೆ ಉಳಿದ ಇಪ್ಪತ್ತೊಂದೂ ಹೋಗುತ್ತೆ ಅಂತ ಅವಳಿಗೆ ಹೇಳಿದೆ. ಅದು ನೆಪ ಕಣಮ್ಮ. ಯಾರಿಗೂ ಗೊತ್ತಾಗ್ತಿರಲಿಲ್ಲ. ಕೊಡೆಯ ಗಾತ್ರ ಸರಿಯಾಗಿ ಒಂದು ಮನೆಯಷ್ಟೇ ಇತ್ತು. ಪೆನ್ಸಿಲು ಅದರ ಅಂಚಿಗೆ ತಾಗಿಸಿಯೂ ಆಗಿತ್ತು. ಸುತ್ತು ಎಳೆದೆ."

ನಾನು ಕಾದೆ.

"ಎಳೆದೆ. ಎಳೆದ ಮೇಲೆ ಅದರ ಹಿಡಿಯನ್ನೂ ಎಳೆದೆ. ಆಮೇಲೆ ಜಡೆ, ಪಾದ, ಬೆಂಚು. ಇದ್ದದ್ದನ್ನೆಲ್ಲ ಇದ್ದ ಹಾಗೇ. ಅವಳು ಹಾಳೆಯ ಅಂಚು ಬಿಟ್ಟು ಎದ್ದು ಹೋದಳು. ಹಾಳೆ ಸುರುಳಿ ಸುತ್ತಿಕೊಂಡು ನನ್ನ ಕೈ ಮೇಲೆ ಬಿತ್ತು."

ವಿಚಾರಣೆಯ ದಿನ ಓಣಿಯವರು ಎಲ್ಲರೂ ಬಂದಿದ್ದರು. ನಾನೂ ಹೋಗಿದ್ದೆ, ಹಿಂದಿನ ಸಾಲಿನಲ್ಲಿ. ತಂಗಿ ಅಕ್ಕನ ಕಡೆ ನೋಡದೆ ಗೋಡೆಯ ಪಕ್ಕ ನಿಂತಿದ್ದಳು. ಅವಳ ಗಂಡ, ಕೈಯ ಬೆರಳುಗಳಲ್ಲಿ ಮರದ ಅಂಟು ಹಿಡಿದ ಮೆತ್ತಗಿನ ಮನುಷ್ಯ, ಅವಳ ಪಕ್ಕ.

ಹಸಿರಕ್ಕ ಮೊದಲು ಮೂಲ ನಕ್ಷೆಯ ಮೇಲೆ ಗುಂಡಿ ಇಟ್ಟರು. ರಸ್ತೆಯ ಒಂದು ಮರದ ಮೇಲೆ ಸರಿಯಾಗಿ ಕೂತಿತು. ಇನ್ನೊಂದರ ಮೇಲೆ, ಮತ್ತೊಂದರ ಮೇಲೆ. ಸೇತುವೆ ದಾಟಿಸಿ ಓಣಿಯ ಮರಗಳ ಮೇಲಿಟ್ಟರು. ಒಂದಕ್ಕೂ ಕೂರಲಿಲ್ಲ. "ನಮ್ಮ ವಿಭಾಗದಲ್ಲಿ ಮರ ಅಂದರೆ ಈ ಗುಂಡಿ ಮೇಡಂ. ಇವು ಮರ ಅಲ್ಲ," ಎಂದರು.

ಗುಮಾಸ್ತ ಹೊಸ ಅಳತೆಯ ನಕ್ಷೆ ಹಾಸಿ, ಅದರ ಮೇಲೆ ಟ್ರೇಸಿಂಗ್ ಹಾಳೆಯನ್ನು ಮೂಲೆಗೆ ಮೂಲೆ ಕೂಡಿಸಿ ಇಟ್ಟ. ಎರಡೂ ಒಂದೇ ಅಳತೆಯವು. ಎಲ್ಲರೂ ಬಗ್ಗಿದರು. ಒಂದು ಸುತ್ತೂ ಮನೆಯ ಮೇಲೆ ಬಿದ್ದಿರಲಿಲ್ಲ. ಅರ್ಧ ದಾರಿಯಲ್ಲಿ, ಅರ್ಧ ಕಾಲುವೆಯ ನೀರಿನಲ್ಲಿ. ಹಿಂದಿನಿಂದ ಯಾರೋ, "ಮುಗೀತು ಬಿಡಿ, ಮೀನಿಗೆ ಮನೆ ಕಟ್ಟಿಕೊಟ್ಟರು," ಎಂದರು. ತಂಗಿಯ ಗಂಡ ಕಣ್ಣು ಮುಚ್ಚಿದ.

ಹಸಿರಕ್ಕ ಗುಮಾಸ್ತನ ಕೈ ಸರಿಸಿದರು. "ಮೂಲೆ ಕೂಡಿಸಬಾರದಪ್ಪ. ಹಾಳೆಯ ಮೂಲೆ ಅಂಗಡಿಯವನು ಕತ್ತರಿಸಿದ್ದು. ಊರಲ್ಲಿ ಅಲುಗಾಡದೆ ಇರೋದನ್ನ ಹುಡುಕಬೇಕು." ಟ್ರೇಸಿಂಗ್ ಹಾಳೆಯನ್ನು ಮೆಲ್ಲಗೆ ಎಳೆದು, ಕಲ್ಲು ಸೇತುವೆಯ ಕಂಬದ ಮೇಲೆ ಕಲ್ಲು ಸೇತುವೆಯ ಕಂಬ ತಂದಿಟ್ಟು, ಅಂಗೈಯಿಂದ ಸವರಿದರು. ಮೂವತ್ತೆಂಟು ವರ್ಷದ ಹಿಂದೆ ಹೆಜ್ಜೆ ಎಣಿಸಲು ಶುರು ಮಾಡಿದ್ದು ಆ ಕಂಬದಿಂದಲೇ.

ಸುತ್ತುಗಳು ಒಂದೊಂದಾಗಿ ಮನೆಗಳ ಮೇಲೆ ಹೋಗಿ ಕೂತವು. ಕೆಲವು ಒಂದು ಕೂದಲು ಅತ್ತ, ಒಂದು ಕೂದಲು ಇತ್ತ. ಸೊಟ್ಟ ಮರ ಸೊಟ್ಟ ಮನೆಯ ಮೇಲೆ. ಓಣಿಯ ಒಬ್ಬ ಮುದುಕ, "ಅದು ನಂದು! ನಮ್ಮಪ್ಪ ಗೋಡೆ ಓರೆ ಕಟ್ಟಿದ್ದ, ಅಮ್ಮ ಸಾಯೋವರೆಗೆ ಬೈತಿದ್ದಳು!" ಎಂದು ಕೂಗಿದ. ಎಲ್ಲರೂ ನಕ್ಕರು. ಅಧಿಕಾರಿಯೂ ನಕ್ಕು, ಬೆರಳಿಟ್ಟು ಎಣಿಸುತ್ತಾ ಹೋದರು. ಇಪ್ಪತ್ತೊಂದರ ತನಕ. ಆಮೇಲೆ ಬೆರಳು ನಿಂತಿತು.

"ಇಲ್ಲಿ ಒಂದು ಮನೆ ಇದೆ. ಅದರ ಮೇಲೆ ಇದೇನು? ಸುತ್ತು, ಅದಕ್ಕೊಂದು ಬಾಲ?"

ಹಸಿರಕ್ಕ ಆ ಸುತ್ತಿನ ಮೇಲೆ ಬೆರಳಿಟ್ಟರು.

"ಅದು ಕೊಡೆ ಮೇಡಂ. ಕೊಡೆ ಹಿಡಿದಿರೋದು ನನ್ನ ತಂಗಿ."

"ಮನೆ?"

"ಆಗ ಇರಲಿಲ್ಲ. ಒಂದು ವರ್ಷ ಆದ ಮೇಲೆ ಬಂತು." ಅದಕ್ಕೆ ಸೇರಿಸಿದರು, "ನಾನು ಎಣಿಸೋಕೆ ಹೋಗದೆ ಇದ್ದಿದ್ದರೆ ಬರ್ತಿರಲಿಲ್ಲ. ಅದನ್ನ ಬರೆದುಕೊಳ್ಳೋ ಜಾಗ ಇದ್ದರೆ ಬರೆದುಕೊಳ್ಳಿ."

ಅಂಥ ಜಾಗ ಇರಲಿಲ್ಲ. ಇಪ್ಪತ್ತೊಂದು ಮನೆಗಳು ಯೋಜನೆಗಿಂತ ಹಳೆಯವು, ಅವಕ್ಕೆ ಬದಲಿ ಜಾಗ ಕೊಡಬೇಕು ಎಂದು ತೀರ್ಮಾನವಾಯಿತು. ಒಂದು ಮನೆ ಒತ್ತುವರಿ ಎಂದು ಉಳಿಯಿತು. ಓಣಿಯವರು ಹಸಿರಕ್ಕನ ಕೈ ಹಿಡಿದು ಕುಲುಕಿದರು. ಕೆಲವರು ಹಿಡಿಯಲು ಬಂದವರು ತಂಗಿಯ ಮುಖ ನೋಡಿ ಕೈ ಹಿಂದೆಗೆದರು. ಕಚೇರಿಯ ಆ ಮೆಟ್ಟಿಲ ತಿರುವಿನಲ್ಲಿ ತಂಗಿ ಅಕ್ಕನಿಗಾಗಿ ನಿಂತಿದ್ದಳು. ಹಿಂದೆ ನಕ್ಷೆ ಇದ್ದ ಗೋಡೆಯಲ್ಲಿ ಒಂದು ಬಿಳಿ ಚೌಕ.

"ಆಯ್ತಾ ನಿನ್ನ ಹೊಟ್ಟೆ ತಣ್ಣಗೆ? ಮಹಾ ನಿಜ ಹೇಳಿಬಿಟ್ಟಳು!" ಎಂದಳು ತಂಗಿ.

"ತಣ್ಣಗೆ ಆಗಿಲ್ಲ," ಎಂದರು ಅಕ್ಕ.

ತಂಗಿಯ ಗಂಡ ನಡುವೆ ಬಂದ. "ಬಿಡೇ. ಒಂದು ಸುಳ್ಳು ಸುತ್ತಿಗಾಗಿ ಓಣಿ ಪೂರ್ತಿಯವರ ಋಣದಲ್ಲಿ ನಾವು ಬದುಕೋದು ಬೇಕಿತ್ತಾ? ಚಕ್ರ ಎಲ್ಲಿ ಕೂತು ಮಾಡಿದರೂ ಗುಂಡಗೇ ಇರುತ್ತೆ. ಅಕ್ಕ, ನಿಮ್ಮ ಕೋಣೆ ಎಷ್ಟು ಉದ್ದ?"

"ಎಂಟು ಹೆಜ್ಜೆ. ಅಗಲ ಐದು," ಎಂದರು ಹಸಿರಕ್ಕ, ಯೋಚಿಸದೆ.

"ಇವಳ ಮಂಚ ಹಿಡಿಸುತ್ತಾ?"

ತಂಗಿ, "ನಾನು ಬರಲ್ಲ ಇವಳ ಮನೆಗೆ! ಬೀದಿಯಲ್ಲಿ ಬೇಕಾದರೂ ಇರ್ತೀನಿ," ಎಂದಳು.

ತಿಂಗಳು ಕಳೆದ ಮೇಲೆ ಬಂದಳು. ತಳ್ಳುಗಾಡಿಯಲ್ಲಿ ಮಂಚ, ಪಾತ್ರೆ, ಉಳಿ, ಬಾಚಿ, ಅರ್ಧ ಮಾಡಿದ ಎರಡು ಚಕ್ರ. ಓಣಿಯವರು ತಮ್ಮ ಹೊಸ ಜಾಗದಲ್ಲಿ ಒಂದು ಮೂಲೆಯನ್ನು ಅವಳ ಗಂಡನ ಕೆಲಸಕ್ಕೆ ಬಿಟ್ಟುಕೊಟ್ಟಿದ್ದಾರೆ. ಅವನು ಬೆಳಿಗ್ಗೆ ಹೋಗಿ ಸಂಜೆ ಬರುತ್ತಾನೆ. ಮಂಚ ಹಿಡಿಸಲು ನಕ್ಷೆ ಮೇಜು ಹೊರಗೆ ಹೋಗಬೇಕಾಯಿತು. ನಾಲ್ಕು ಜನ ಸೇರಿ ಇಳಿಸಿದೆವು. ಅದು ಈಗ ನಮ್ಮ ಮೆಟ್ಟಿಲ ಕೆಳಗೆ ಇದೆ. ಅದರ ಓರೆ ಹಲಗೆಯ ಮೇಲೆ ತಂಗಿ ತರಕಾರಿ ಹೆಚ್ಚುತ್ತಾಳೆ, ತುಂಡುಗಳು ಜಾರಿ ಬಿದ್ದಾಗಲೆಲ್ಲ ತನ್ನಷ್ಟಕ್ಕೇ ಅಕ್ಕನನ್ನು ಬೈಯುತ್ತಾಳೆ.

ಮೊದಲ ಎರಡು ವಾರ ಮೇಲೆ ಮಾತೇ ಇರಲಿಲ್ಲ. ಹೆಜ್ಜೆ ಮಾತ್ರ. ಎಂಟು ಇದ್ದದ್ದು ಮಂಚ ಅಡ್ಡ ಬಂದು ಐದಕ್ಕೆ ಇಳಿದಿತ್ತು. ಐದು ಅತ್ತ, ಐದು ಇತ್ತ, ಮೊದಲಿಗಿಂತ ಬೇಗ ಬೇಗ. ನಾನು ಕೆಳಗೆ ಪ್ರಾರ್ಥನೆಗೆ ಕೂತರೆ ನನ್ನ ತುಟಿಯೂ ಆ ಲಯಕ್ಕೆ ಬೀಳುತ್ತಿತ್ತು.

ನಿನ್ನೆ ಮಧ್ಯಾಹ್ನ ಮೇಲಿನಿಂದ ಮೊದಲ ಸಲ ತಂಗಿಯ ದನಿ ಕೇಳಿಸಿತು.

"ಅಕ್ಕಾ, ಸ್ವಲ್ಪ ಕೂತ್ಕೊಳ್ಳೇ. ನೋಡಿ ನೋಡಿ ನನಗೆ ತಲೆ ಸುತ್ತುತ್ತೆ."

ಹೆಜ್ಜೆ ನಿಂತಿತು. ಮಂಚ ಕಿರ್ ಎಂದಿತು. ನಾನು ಕೈಯಲ್ಲಿದ್ದ ಕೆಲಸ ಬಿಟ್ಟು ಚಾವಣಿ ನೋಡಿದೆ.

"ಆ ಕೊಡೆ ಎಲ್ಲಿ ಹೋಯ್ತೇ?" ಎಂದಳು ತಂಗಿ.

"ನೀನೇ ರೈಲಲ್ಲಿ ಬಿಟ್ಟು ಬಂದೆಯಲ್ಲ."

"ನಾನಾ? ನೀನು ಬಿಟ್ಟಿದ್ದು."

"ನೀನು."

ಮಂಚ ಮತ್ತೆ ಕಿರ್ ಎಂದಿತು. ಐದು ಹೆಜ್ಜೆ ಕಿಟಕಿಯ ಕಡೆಗೆ ಹೋದವು.